ಕೈದಾಳದ ಕೈ

ತುಮಕೂರಿನಿಂದ ಕುಣಿಗಲ್ಲಿನ ಕಡೆಗೆ ಹೋಗುವ ದಾರಿಯಲ್ಲಿ, ಗೂಳೂರಿನ ಬಳಿ, ಕೈದಾಳವೆಂಬ ಚಿಕ್ಕ ಊರೊಂದುಂಟು. ಊರು ಚಿಕ್ಕದಾದರೂ ಅದರ ಹೆಸರಿನೊಳಗೆ ದೊಡ್ಡ ಕಥೆಯಿದೆ. ಆ ಕಥೆ ನಿಮಗೆಲ್ಲ ತಿಳಿದದ್ದೇ. ಹೆಂಡತಿಯನ್ನೂ ಹುಟ್ಟಲಿದ್ದ ಮಗುವನ್ನೂ ಬಿಟ್ಟು ಹೊರಟ ಜಕಣಾಚಾರಿ ಬೇಲೂರಿನಲ್ಲಿ ಕೇಶವನ ಮೂರ್ತಿಯನ್ನು ಕಡೆದ. ತಂದೆಯನ್ನು ಅರಸುತ್ತ ಬಂದ ಡಂಕಣ, ಆತ ತನ್ನ ತಂದೆಯೆಂದರಿಯದೆ, ಶಿಲೆಯಲ್ಲಿ ದೋಷವಿದೆಯೆಂದ. ದೋಷ ತೋರಿದರೆ ಬಲಗೈಯನ್ನೇ ಕತ್ತರಿಸಿಕೊಳ್ಳುವೆನೆಂದ ಶಿಲ್ಪಿ. ಮೂರ್ತಿಗೆ ಗಂಧ ಬಳಿದರು. ಎಲ್ಲೆಡೆ ಒಣಗಿದ ಗಂಧ ನಾಭಿಯ ಬಳಿ ಮಾತ್ರ ಒಣಗಲಿಲ್ಲ. ಅಲ್ಲಿ ಒಡೆದಾಗ ನೀರೂ ಕಪ್ಪೆಯೂ ಹೊರಬಂದವು. ಶಿಲ್ಪಿ ನುಡಿದಂತೆಯೇ ನಡೆದುಕೊಂಡ.

ಇದು ಚರಿತ್ರೆಯಲ್ಲ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಗುಡಿಯ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳಿವೆಯೇ ಹೊರತು ಜಕಣಾಚಾರಿಯ ಹೆಸರಿಲ್ಲ. ಆದರೂ ಜನ ಈ ಕಥೆಯನ್ನು ಬಿಟ್ಟುಕೊಟ್ಟಿಲ್ಲ. 1964ರಲ್ಲಿ ಅದು ವರ್ಣಚಿತ್ರವಾಗಿಯೂ ಬಂದಿತು. ಮನಸ್ಸಿನ ಒಂದು ಸತ್ಯ ಅದರಲ್ಲಿರುವುದೇ ಇದಕ್ಕೆ ಕಾರಣವೆಂದು ನನಗೆ ತೋರುತ್ತದೆ.

ದೋಷವಿದ್ದದ್ದು ಕಲ್ಲಿನಲ್ಲಿ, ಶಿಕ್ಷೆಯಾದದ್ದು ಕೈಗೆ. ಉಳಿ ತಾಗುವ ಮೊದಲೇ ಕಪ್ಪೆ ಅಲ್ಲಿತ್ತು. ಹಾಗಿದ್ದರೂ ಶಿಲ್ಪಿ, ಕೆಲಸದ ಕೊರತೆಯೆಂದರೆ ತನ್ನ ಕೊರತೆಯೆಂದೇ ಬಗೆದ. ಅಚ್ಚುಕಟ್ಟಾಗಿ ಕೆಲಸ ಮಾಡುವುದು ಬೇರೆ, ತಪ್ಪಾದರೆ ತಾನೇ ಇಲ್ಲವಾದೇನೆಂದು ಅಂಜುವುದು ಬೇರೆ. ಮೊದಲನೆಯದು ಕಸುಬಿನ ಪ್ರೀತಿ. ಎರಡನೆಯದರ ಬೇರು ಬಹುಮಟ್ಟಿಗೆ ಹಳೆಯ ಗಾಯವೊಂದರಲ್ಲಿರುತ್ತದೆ.

ಗುಬ್ಬಿಯ ಕಡೆಯ ಶಾಲೆಯೊಂದರಲ್ಲಿ ನಾನು ಪಾಠ ಹೇಳುತ್ತಿದ್ದಾಗ ಒಬ್ಬ ಹುಡುಗಿಯಿದ್ದಳು. ಒಂದಕ್ಷರ ಸೊಟ್ಟಗಾದರೆ ಕಾಗದ ಹರಿಯುವವರೆಗೆ ಅಳಿಸಿ ಬರೆಯುವಳು. ನಾವೆಲ್ಲ ಅವಳ ಶಿಸ್ತನ್ನು ಹೊಗಳುತ್ತಿದ್ದೆವು. ಅಂಕ ಕಡಮೆಯಾದ ದಿನ ಮನೆಯಲ್ಲಿ ಬೆತ್ತ ಕಾದಿರುತ್ತಿತ್ತೆಂಬುದು ತಿಳಿದದ್ದು ಬಹಳ ದಿನಗಳ ಮೇಲೆ. ದುಂಡಾದ ಅಕ್ಷರ ಅವಳಿಗೆ ಅಂದವಾಗಿರಲಿಲ್ಲ, ಆಸರೆಯಾಗಿತ್ತು. ಏಟು ತಿಂದ ಮಗು, ತೊರೆಯಲ್ಪಟ್ಟ ಮಗು, 'ನಾನು ತಪ್ಪೇ ಮಾಡದಿದ್ದರೆ ಹೀಗಾಗದು' ಎಂದು ತನ್ನೊಳಗೇ ಒಂದು ಕಟ್ಟಳೆ ಮಾಡಿಕೊಳ್ಳುತ್ತದೆ. ಹೊಡೆಯುವ ಕೈ ಮರೆಯಾದ ಮೇಲೂ ಕಟ್ಟಳೆ ಉಳಿಯುತ್ತದೆ.

ಹ್ಯೂಯಿಟ್ ಮತ್ತು ಫ್ಲೆಟ್ ಎಂಬ ಕೆನಡಾದ ಮನಶ್ಶಾಸ್ತ್ರಜ್ಞರು 1991ರಲ್ಲಿ ಈ ಹಟವನ್ನು ಮೂರು ಬಗೆಯಾಗಿ ವಿಂಗಡಿಸಿದರು: ತನ್ನಿಂದ ಪೂರ್ಣತೆಯನ್ನು ಬೇಡುವುದು, ಇತರರಿಂದ ಬೇಡುವುದು, ಇತರರು ತನ್ನಿಂದ ಬೇಡುತ್ತಿದ್ದಾರೆಂದು ನಂಬುವುದು. ನಮ್ಮ ಕಥೆಯನ್ನು ಈ ಬೆಳಕಿನಲ್ಲಿ ನೋಡಿ. ತನ್ನ ಕೈಯನ್ನೇ ಪಣವಿಟ್ಟ ತಂದೆ ಮೊದಲನೆಯವನು. ಕೇಶವನ ಚೆಲುವಿನ ನಡುವೆಯೂ ದೋಷವನ್ನೇ ಕಂಡ, ತಂದೆಯಿಲ್ಲದೆ ಬೆಳೆದ ಮಗ ಎರಡನೆಯವನು. ಕಾಗದ ಹರಿಯುವಂತೆ ಅಳಿಸುತ್ತಿದ್ದ ಆ ಹುಡುಗಿ ಮೂರನೆಯವಳು.

ಇದಕ್ಕೆ ಬಿಡುಗಡೆಯೆಲ್ಲಿ? ಅದೇ ಗೂಳೂರಿನಲ್ಲಿ ವರ್ಷವರ್ಷವೂ ಮಣ್ಣಿನ ದೊಡ್ಡ ಗಣಪತಿಯನ್ನು ಮಾಡುತ್ತಾರೆ. ಕಾರ್ತಿಕ ಮಾಸವೆಲ್ಲ ಪೂಜಿಸಿ ಕೆರೆಗೆ ಬಿಡುತ್ತಾರೆ. ಕರಗುವುದೆಂದು ಬಲ್ಲ ಕೈಗಳೂ ಶ್ರದ್ಧೆಯಿಂದಲೇ ದುಡಿಯುತ್ತವೆ. ಅಲ್ಲಿ ಶ್ರದ್ಧೆಗೆ ಭಯದ ಹಂಗಿಲ್ಲ.

ಜಕಣಾಚಾರಿಗೆ ಕೈ ಮರಳಿ ಬಂದದ್ದು ಕೀರ್ತಿ ತಂದ ಬೇಲೂರಿನಲ್ಲಲ್ಲ. ತಂದೆಮಕ್ಕಳು ಒಬ್ಬರನ್ನೊಬ್ಬರು ಗುರುತಿಸಿದ ಮೇಲೆ, ತಾನು ಬಿಟ್ಟುಹೋಗಿದ್ದ ಊರಿಗೇ ಹಿಂತಿರುಗಿ ಚೆನ್ನಕೇಶವನ ಗುಡಿಯನ್ನು ಕಟ್ಟಿದಾಗ. ಅಂದರೆ ಕೈ ಬಂದ ಮೇಲೆ ಗುಡಿಯಾಗಲಿಲ್ಲ. ಕೈಯಿಲ್ಲದೆಯೇ ಕೆಲಸ ಸಾಗಿತು, ಕೈ ಆಮೇಲೆ ಬಂದಿತು. ನಮ್ಮ ಮಕ್ಕಳ ಪುಸ್ತಕದಲ್ಲಿ ಮಸಿಯ ಕಲೆ ಕಂಡಾಗ ಈ ಕ್ರಮವನ್ನು ನಾವು ನೆನೆಯುವುದು ಒಳ್ಳೆಯದು.