ಮಳೆಗೆ ಮೊದಲು ಮಾಡಿನ ಆರೈಕೆ

(ಮಳೆಗಾಲದ ಪೂರ್ವಸಿದ್ಧತೆಯನ್ನು ಕುರಿತು ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪರಿಸರದ ಸಭೆಗಳಲ್ಲಿ ನಾವು ಸಾಮಾನ್ಯವಾಗಿ ಕಾಡು, ನದಿ, ಗಣಿ, ಅಣೆಕಟ್ಟುಗಳ ವಿಚಾರವನ್ನು ಚರ್ಚಿಸುತ್ತೇವೆ. ಇಂದು ನಾನು ನಮ್ಮ ತಲೆಯ ಮೇಲಿನ ಮಾಡನ್ನು ಕುರಿತು ಮಾತನಾಡಬಯಸುತ್ತೇನೆ. ಇದೂ ಪರಿಸರದ ವಿಷಯವೇ. ಏಕೆಂದರೆ ಮಲೆನಾಡಿನ ಮಾಡಿಗೆ ಬೇಕಾದುದೆಲ್ಲವೂ ಕಾಡು, ತೋಟ ಮತ್ತು ನದಿಯ ಜೇಡಿಮಣ್ಣಿನಿಂದ ಬಂದಿದೆ. ಮಾಡಿನಿಂದ ಇಳಿದ ನೀರು ಮತ್ತೆ ಅದೇ ಗುಡ್ಡಕ್ಕೆ, ಅದೇ ಹಳ್ಳಕ್ಕೆ ಸೇರುತ್ತದೆ.

ಹಿಂದೆ ಬೆಟ್ಟದ ಕರಡದ ಹುಲ್ಲು, ತೋಟದ ಅಡಿಕೆ ಸೋಗೆಗಳೇ ಹೊದಿಕೆಯಾಗಿದ್ದವು. ಪ್ರತಿವರ್ಷವೂ ಬಿಚ್ಚಿ ಹೊಸದಾಗಿ ಹೊದಿಸುವ ಕೆಲಸ ಊರಿನವರೆಲ್ಲ ಮುಯ್ಯಾಳಾಗಿ ಸೇರಿ ಮಾಡುವಂಥದ್ದು. ಹಳೆಯ ಸೋಗೆ ಗೊಬ್ಬರದ ಗುಂಡಿಗೆ ಹೋಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಒಂದಕ್ಕೊಂದು ಕಚ್ಚಿಕೊಳ್ಳುವ ಮಂಗಳೂರು ಹೆಂಚು ಕ್ರಮೇಣ ಘಟ್ಟವನ್ನು ಹತ್ತಿತು. 1980ರ ದಶಕದಿಂದೀಚೆಗೆ ಹುಲ್ಲಿನ ಬೇಣಗಳಲ್ಲಿ ಅಕೇಶಿಯಾ ನೆಡುತೋಪುಗಳು ಎದ್ದಂತೆ ಹೊದಿಕೆಯ ಹುಲ್ಲೂ ಅಪರೂಪವಾಯಿತು. ಈಗ ಹೆಂಚನ್ನು ಇಳಿಸಿ ಶೀಟು ಹೊದಿಸುವ ಕಾಲ. ಮಂಗಗಳು ಹೆಂಚನ್ನು ಉಳಿಸುವುದಿಲ್ಲ, ಮಾಡು ಹತ್ತಬಲ್ಲ ಆಳುಗಳು ಸಿಗುವುದಿಲ್ಲ ಎಂಬುದು ನಿಮ್ಮ ದೂರು. ಅದು ನ್ಯಾಯವಾದದ್ದೇ. ಆದರೂ ಆರೈಕೆಯಿಲ್ಲದ ಕಾರಣಕ್ಕೆ ಮಾತ್ರ ಒಳ್ಳೆಯ ಮಾಡೊಂದು ಹಾಳಾಗಬಾರದು.

ಒಂದು ಲೆಕ್ಕವನ್ನು ಗಮನಿಸಿ. ಮಂಗಳೂರು ಹೆಂಚು ಒಂದಕ್ಕೆ ಸುಮಾರು ಎರಡೂವರೆ ಕಿಲೋ ತೂಕ. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. 100 ಚದರ ಮೀಟರಿನ ಮಾಡೆಂದರೆ ಪಕಾಸು, ರೀಪುಗಳ ಮೇಲೆ ಮೂರೂವರೆ ಟನ್ನಿಗೂ ಹೆಚ್ಚಿನ ಹೊರೆ. ಮಳೆಯಲ್ಲಿ ನೆನೆದರೆ ಅದು ಇನ್ನೂ ಹೆಚ್ಚುತ್ತದೆ. ಆದ್ದರಿಂದ ಮಾಡಿನ ಆರೈಕೆಯಲ್ಲಿ ಮೊದಲು ನೋಡಬೇಕಾದದ್ದು ಮರವನ್ನು, ಅನಂತರ ಹೆಂಚನ್ನು. ಹಿಂದೆ ಒಲೆಯ ಹೊಗೆ ಅಟ್ಟಕ್ಕೇರಿ ಮರಕ್ಕೆ ಹುಳು ಹಿಡಿಯದಂತೆ ಕಾಯುತ್ತಿತ್ತು. ಗ್ಯಾಸ್ ಬಂದು ತಾಯಂದಿರ ಕಣ್ಣು, ಶ್ವಾಸಕೋಶಗಳು ಉಳಿದವು; ಅದು ಸಂತೋಷದ ಸಂಗತಿ. ಆದರೆ ಹೊಗೆ ಮಾಡುತ್ತಿದ್ದ ಕೆಲಸವನ್ನು ಈಗ ನಾವೇ ಮಾಡಬೇಕಾಗಿದೆ. ಗೋಡೆಯ ಮೇಲೆ ಪಕಾಸು ಕೂರುವ ಸ್ಥಳವನ್ನು ಚೂರಿಯ ತುದಿಯಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಹೋದರೆ ಮರ ಟೊಳ್ಳಾಗಿದೆಯೆಂದು ಅರ್ಥ. ಗೆದ್ದಲಿನ ಮಣ್ಣಿನ ದಾರಿ ಕಂಡರೆ ಕೆರೆದು ತೆಗೆದು, ಒಣಗಿದ ಮರಕ್ಕೆ ಗೇರುಸಿಪ್ಪೆಯ ಎಣ್ಣೆಯನ್ನು ಬಳಿಯಿರಿ. ಆ ಎಣ್ಣೆ ಚರ್ಮವನ್ನು ಸುಡುವುದರಿಂದ ಕೈಗವಸು ಅವಶ್ಯಕ.

ಈ ಕೆಲಸಕ್ಕೆ ಸೂಕ್ತ ಕಾಲವೆಂದರೆ ಭರಣಿ ಮತ್ತು ಕೃತ್ತಿಕೆ. ಅಂದರೆ ಏಪ್ರಿಲ್ ಕೊನೆಯಿಂದ ಮೇ 24ರ ಆಸುಪಾಸಿನವರೆಗೆ. ಮೃಗಶಿರ ಹಿಡಿದ ಮೇಲೆ ಮಾಡು ಹತ್ತುವುದು ಅಪಾಯಕರ. ಬೇಸಿಗೆಯ ಗುಡುಗು ಮಳೆಯೇ ನಮಗೆ ಉತ್ತಮ ಪರೀಕ್ಷಕ. ಆಗ ಎಲ್ಲಿ ಹನಿ ಬಿದ್ದಿತೆಂಬುದನ್ನು ಇದ್ದಿಲಿನಿಂದ ಗುರುತು ಮಾಡಿಡಿ. ಆದರೆ ಹನಿ ಬಿದ್ದಲ್ಲಿಯೇ ಹೆಂಚು ಒಡೆದಿರಬೇಕೆಂದಿಲ್ಲ. ನೀರು ಪಕಾಸಿನ ಗುಂಟ ಇಳಿದು ಬರುವುದರಿಂದ ದೋಷವನ್ನು ಅದಕ್ಕಿಂತ ಮೇಲೆ ಹುಡುಕಬೇಕು. ಹಗಲು ಹೊತ್ತಿನಲ್ಲಿ ಅಟ್ಟದ ಕತ್ತಲಲ್ಲಿ ನಿಂತು ಮೇಲೆ ನೋಡಿದರೆ ಬಿರುಕುಗಳು ಬೆಳಕಿನ ಚುಕ್ಕೆಗಳಾಗಿ ಕಾಣುತ್ತವೆ.

ಅನಂತರದ ಕೆಲಸ ಕಸ ತೆಗೆಯುವುದು. ಎರಡು ಮಾಡುಗಳು ಕೂಡುವ ಒಳಮೂಲೆಯಲ್ಲಿ ತರಗೆಲೆ ತುಂಬಿದರೆ ನೀರು ಹಿಮ್ಮುಖವಾಗಿ ಹೆಂಚಿನಡಿಗೆ ನುಗ್ಗುತ್ತದೆ. ಒಣಗಿದ ಪಾಚಿಯನ್ನು ಮೃದುವಾದ ಪೊರಕೆಯಿಂದ ಗುಡಿಸಿದರೆ ಸಾಕು. ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಹೆಂಚಿನ ಮೈ ಸವೆಯುತ್ತದೆ. ಗಾಳಿಮಳೆ ಹೊಡೆಯುವ ಪಡುವಣ ಮತ್ತು ನೈಋತ್ಯದ ಬದಿಯ ಹೆಂಚುಗಳನ್ನು ಒಂದೊಂದಾಗಿ ಮುಟ್ಟಿ ನೋಡಿರಿ. ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ಜೊತೆ ಸರಿಯಾಗಿ ಕಚ್ಚಿಕೊಳ್ಳದಿರಬಹುದು. ಬದಲಿಸುವ ಮುನ್ನ ಹೆಂಚಿನ ಮೇಲಿನ ಅಚ್ಚನ್ನು ಹೋಲಿಸಿ ನೋಡುವುದು ಕ್ಷೇಮ. ಸೋರುತ್ತದೆಯೆಂದು ಹೆಂಚಿನಡಿಗೆ ಪ್ಲಾಸ್ಟಿಕ್ ಹಾಳೆ ಹಾಸುವವರಿದ್ದಾರೆ. ಅದರಿಂದ ಗಾಳಿಯಾಡದೆ ತೇವ ನಿಂತು ರೀಪು ಕೊಳೆಯುತ್ತದೆ. ಎರಡು ಮೂರು ವರ್ಷಗಳಲ್ಲಿ ಹರಿದ ಪ್ಲಾಸ್ಟಿಕ್ ತೋಟವನ್ನು ಸೇರುತ್ತದೆ.

ಶೀಟಿನ ಬಗೆಗೆ ಒಂದು ಎಚ್ಚರಿಕೆಯ ಮಾತು. ಹಳೆಯ ಸಿಮೆಂಟ್ ಶೀಟುಗಳಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಆಸ್ಬೆಸ್ಟಾಸಿನ ಎಲ್ಲ ಬಗೆಗಳೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅನೇಕ ದೇಶಗಳು ಅದನ್ನು ನಿಷೇಧಿಸಿವೆ. ನಮ್ಮಲ್ಲಿ ಇನ್ನೂ ಬಳಕೆಯಲ್ಲಿದೆ. ಉಸಿರಿನಲ್ಲಿ ಒಳಹೋದ ನಾರು ದಶಕಗಳ ನಂತರ ರೋಗವನ್ನುಂಟುಮಾಡಬಲ್ಲದು. ಆದ್ದರಿಂದ ಅಂಥ ಶೀಟನ್ನು ಕೊರೆಯುವುದು, ಗರಗಸದಿಂದ ಕುಯ್ಯುವುದು, ಒಣಗಿದಾಗ ಉಜ್ಜುವುದು ಬೇಡ. ಒಡೆದ ಚೂರುಗಳನ್ನು ನೀರಿನಿಂದ ತೋಯಿಸಿ, ದಪ್ಪ ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಇರಿಸಬೇಕು. ರಸ್ತೆಯ ಗುಂಡಿಗೆ ತುಂಬುವುದಂತೂ ಕೂಡದು. ಈ ಶೀಟುಗಳು ಕಾಲಿಟ್ಟೊಡನೆ ಮುರಿಯಬಹುದು. ಕೆಳಗಿನ ಪಕಾಸುಗಳಿಗೆ ಅಡ್ಡಲಾಗಿ ಹಲಗೆಯಿಟ್ಟು ಅದರ ಮೇಲೆಯೇ ನಡೆಯಬೇಕು. ಹೆಂಚಿನ ಮಾಡಾದರೂ ಒಬ್ಬರೇ ಹತ್ತಬಾರದು. ಏಣಿ ಹಿಡಿಯಲು ಕೆಳಗೊಬ್ಬರು ಇರಲೇಬೇಕು. ವಿದ್ಯುತ್ ತಂತಿ ಎಲ್ಲಿ ಹಾದಿದೆಯೆಂಬುದನ್ನು ಮೊದಲೇ ನೋಡಿಕೊಳ್ಳಿ. ಹೆಂಚೆತ್ತುವಾಗ ಚೇಳು, ಕಣಜಗಳಿರುವುದನ್ನೂ ಮರೆಯದಿರಿ.

ಕೊನೆಯದಾಗಿ ನೀರಿನ ವಿಚಾರ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಆಗುಂಬೆಯಂಥಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅಲ್ಲಿ 100 ಚದರ ಮೀಟರಿನ ಮಾಡಿನಿಂದ ಏಳು ಲಕ್ಷ ಲೀಟರಿಗಿಂತಲೂ ಹೆಚ್ಚು ನೀರು ಇಳಿಯುತ್ತದೆ. ಈ ನೀರು ಎಲ್ಲಿಗೆ ಹೋಗುತ್ತದೆ? ನಮ್ಮಲ್ಲಿ ಅನೇಕ ಮನೆಗಳು ಗುಡ್ಡವನ್ನು ಕಡಿದ ಧರೆಯ ಕೆಳಗಿವೆ. ಹಿಂಬದಿಯ ಸೂರಿನ ನೀರು ಧರೆಯ ಬುಡದಲ್ಲಿ ನಿಂತರೆ ಮಣ್ಣು ಮೆತ್ತಗಾಗಿ ಧರೆಯೇ ಜರಿಯಬಹುದು. 2018ರಲ್ಲಿ ಕೊಡಗಿನಲ್ಲಿ, 2024ರಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದುದನ್ನು ಕಂಡಿದ್ದೇವೆ. ಆ ದುರಂತಗಳು ಸೂರಿನ ನೀರಿನಿಂದಾದವಲ್ಲ. ಆದರೆ ಕಡಿದ ಗುಡ್ಡ ಮತ್ತು ನೆನೆದ ಮಣ್ಣು ಸೇರಿದರೆ ಏನಾಗುತ್ತದೆಂಬ ಪಾಠ ಅವುಗಳಲ್ಲಿದೆ. ಸೂರಿಗೆ ಅಡಿಕೆ ದಂಬೆಯನ್ನಾದರೂ ಕಟ್ಟಿ ನೀರನ್ನು ಮನೆಯ ಮುಂಬದಿಗೆ ತನ್ನಿರಿ. ಕಲ್ಲು ಹಾಸಿದ ಕಾಲುವೆಯಲ್ಲಿ ಹಳ್ಳಕ್ಕೆ ಬಿಡಿ. ಬಯಲುನಾಡಿನವರಂತೆ ಎಲ್ಲೆಂದರಲ್ಲಿ ಇಂಗುಗುಂಡಿ ತೋಡುವುದು ಇಳಿಜಾರಿನಲ್ಲಿ ಹಿತಕರವಲ್ಲ. ಧರೆಯ ನೆತ್ತಿಯಲ್ಲಂತೂ ಇಂಗಿಸಲೇಬಾರದು.

ಇದೆಲ್ಲವನ್ನೂ ಒಂಟಿಯಾಗಿ ಮಾಡಲು ವೃದ್ಧರಷ್ಟೇ ಉಳಿದಿರುವ ಮನೆಗಳಿಗೆ ಸಾಧ್ಯವಿಲ್ಲ. ಆದ್ದರಿಂದ ಮುಯ್ಯಾಳಿನ ಪದ್ಧತಿಯನ್ನು ಮೇ ತಿಂಗಳ ಎರಡು ವಾರಗಳ ಮಟ್ಟಿಗಾದರೂ ಮರಳಿ ತರೋಣ. ಕೆಡವಿದ ಮನೆಗಳ ಗಟ್ಟಿ ಹೆಂಚುಗಳನ್ನು ಅಚ್ಚಿನ ಪ್ರಕಾರ ವಿಂಗಡಿಸಿ ಊರಿಗೊಂದು ಕಡೆ ಕೂಡಿಡೋಣ. ವಿದ್ಯಾರ್ಥಿಗಳು ಯಾವ ಮನೆಯ ಹಿಂದೆ ಧರೆಯಿದೆ, ಅದರಲ್ಲಿ ಬಿರುಕಿದೆಯೇ ಎಂಬುದನ್ನು ದಾಖಲಿಸಿ ಪಂಚಾಯಿತಿಗೆ ಒಪ್ಪಿಸಲಿ. ಮಾಡು ಹೊದಿಸಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಕೈಕೆಳಗೆ ಈ ಬೇಸಿಗೆಯಲ್ಲಿ ಇಬ್ಬರು ಹುಡುಗರಾದರೂ ಹೆಂಚು ಹೊದಿಸಲು ಕಲಿತರೆ, ಮುಂದಿನ ಮಳೆಗಾಲಕ್ಕೆ ಆಳಿಲ್ಲವೆಂಬ ಮಾತು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.