ಯಂತ್ರದ ತೀರ್ಪಿಗೆ ಉತ್ತರದಾಯಿ ಯಾರು?

(ಉದ್ಯೋಗ ಮಾರ್ಗದರ್ಶನ ಶಿಬಿರವೊಂದರಲ್ಲಿ ನೇಮಕಾತಿ ಅಧಿಕಾರಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ಒಂದು ಹುದ್ದೆಗೆ ಸಾವಿರ ಅರ್ಜಿಗಳು ಬಂದರೆ ಅವೆಲ್ಲವನ್ನೂ ಓದುವ ವ್ಯವಧಾನ ಯಾರಿಗಿದೆ? ಆದ್ದರಿಂದಲೇ ಅರ್ಜಿಗಳನ್ನು ಸೋಸುವ ಕೆಲಸವನ್ನು ಕೃತಕ ಬುದ್ಧಿಮತ್ತೆಗೆ ಒಪ್ಪಿಸಲಾಗುತ್ತಿದೆ. ಯಂತ್ರಕ್ಕೆ ಜಾತಿಯಿಲ್ಲ, ಧರ್ಮವಿಲ್ಲ, ಬಂಧುಬಳಗವಿಲ್ಲ. ಹೀಗಿರುವಾಗ ಅದು ಪಕ್ಷಪಾತ ಮಾಡುವುದಾದರೂ ಹೇಗೆ ಎಂದು ಕೇಳಲಾಗುತ್ತದೆ. ವಾದವೇನೋ ಹಿತವಾಗಿದೆ. ಆದರೆ ವಾಸ್ತವವೇನು?

ಅಮೆಝಾನ್ ಕಂಪೆನಿಯು 2014ರಲ್ಲಿ ಅರ್ಜಿದಾರರಿಗೆ ಅಂಕ ನೀಡುವ ತಂತ್ರಾಂಶವೊಂದನ್ನು ಸಿದ್ಧಪಡಿಸತೊಡಗಿತು. ಹಿಂದಿನ ಹತ್ತು ವರ್ಷಗಳಲ್ಲಿ ಬಂದ ಅರ್ಜಿಗಳೇ ಅದಕ್ಕೆ ಪಠ್ಯ. ಅವುಗಳಲ್ಲಿ ಹೆಚ್ಚಿನವು ಪುರುಷರದ್ದಾಗಿದ್ದವು. ಪರಿಣಾಮವಾಗಿ, 'ಮಹಿಳಾ' ಎಂಬ ಪದವಿದ್ದ ಅರ್ಜಿಗಳ ಅಂಕವನ್ನು ಯಂತ್ರ ಕಡಿತಗೊಳಿಸಿತು. ಎರಡು ಮಹಿಳಾ ಕಾಲೇಜುಗಳ ಪದವೀಧರೆಯರನ್ನೂ ಕೆಳಗಿಳಿಸಿತು. ಕಂಪೆನಿಯು ಆ ಯೋಜನೆಯನ್ನೇ ಕೈಬಿಟ್ಟ ಸಂಗತಿಯನ್ನು 2018ರಲ್ಲಿ ರಾಯ್ಟರ್ಸ್ ಬಹಿರಂಗಪಡಿಸಿತು. ಹೆಣ್ಣನ್ನು ದೂರವಿಡು ಎಂದು ಯಾರೂ ಯಂತ್ರಕ್ಕೆ ಆದೇಶಿಸಿರಲಿಲ್ಲ. ಮನುಷ್ಯರ ಹಳೆಯ ದಾಖಲೆಯನ್ನು ಓದಿ ಅದು ಅದೇ ಪಾಠವನ್ನು ಒಪ್ಪಿಸಿತು, ಅಷ್ಟೆ.

ಹಾಗಾದರೆ ನಮ್ಮ ದೇಶದ ದಾಖಲೆಯು ಯಂತ್ರಕ್ಕೆ ಏನನ್ನು ಕಲಿಸೀತು? ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಖಾಸಗಿ ಕಂಪೆನಿಗಳ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಕಳುಹಿಸಲಾಯಿತು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ, ಮುಂದಿನ ಹಂತಕ್ಕೆ ಕರೆ ಬರುವ ಸಂಭವವು ದಲಿತ ಹೆಸರಿಗೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಮ್ ಹೆಸರಿಗೆ ಮೂರನೇ ಒಂದರಷ್ಟು ಮಾತ್ರ ಇತ್ತು. ಇಂತಹ ಆಯ್ಕೆಗಳನ್ನೇ ಮಾದರಿಯಾಗಿ ಉಣಿಸಿದರೆ ಯಂತ್ರವು ನ್ಯಾಯವನ್ನು ಎಲ್ಲಿಂದ ಕಲಿಯಬೇಕು? ಹೆಸರನ್ನು ಅಳಿಸಿದರೂ ಕಾಲೇಜು, ಊರು, ಪಿನ್‌ಕೋಡ್, ಬಲ್ಲ ಭಾಷೆಗಳು ಉಳಿಯುತ್ತವೆ. ಅವೂ ಮಾತನಾಡುತ್ತವೆ.

ಹಾಗಂತ ಯಂತ್ರವನ್ನು ತಿರಸ್ಕರಿಸಿ ಎಂದು ನಾನು ವಾದಿಸುತ್ತಿಲ್ಲ. ಆ 2007ರ ಅಧ್ಯಯನದಲ್ಲಿ ಅರ್ಜಿಗಳನ್ನು ಬದಿಗೆ ಸರಿಸಿದವರು ಮನುಷ್ಯರೇ ಎಂಬುದನ್ನು ನಾವು ಮರೆಯಬಾರದು. ಮನುಷ್ಯನ ಹೃದಯವನ್ನು ಬಗೆದು ನೋಡಲಾಗದು; ಆದರೆ ಯಂತ್ರವನ್ನು ಪರೀಕ್ಷಿಸಬಹುದು. ಒಂದೇ ಅರ್ಜಿಯನ್ನು ಹೆಸರು ಮತ್ತು ಊರು ಬದಲಿಸಿ ನೂರು ಬಾರಿ ಕೊಟ್ಟು ನೋಡಿ. ಅಂಕ ಬದಲಾದರೆ ರೋಗ ಪತ್ತೆಯಾಯಿತು. ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈಯಿಂದ ಇಂತಹ ಸಾಧನಗಳ ಪಕ್ಷಪಾತ ತಪಾಸಣೆ ಕಡ್ಡಾಯ. ಅರ್ಜಿದಾರರಿಗೆ ಮುಂಚಿತವಾಗಿ ತಿಳಿಸುವುದೂ ಕಡ್ಡಾಯ. ಯುರೋಪಿಯನ್ ಒಕ್ಕೂಟವು 2024ರ ತನ್ನ ಕಾನೂನಿನಲ್ಲಿ ನೇಮಕಾತಿಯನ್ನು ಅಧಿಕ ಅಪಾಯದ ವಿಭಾಗಕ್ಕೆ ಸೇರಿಸಿ, ಮಾನವ ಮೇಲ್ವಿಚಾರಣೆಯನ್ನು ವಿಧಿಸಿದೆ. ಕಾನೂನು ಬರಲಿ ಎಂದು ನಾವು ಕಾಯಬೇಕೇ?

ತಂತ್ರಾಂಶವನ್ನು ಖರೀದಿಸುವ ಮುನ್ನ ಮಾರುವವನನ್ನು ಪ್ರಶ್ನಿಸಿ: ಇದು ಯಾರ ದಾಖಲೆಯಿಂದ ಕಲಿತಿದೆ? ತಪಾಸಣೆಯ ವರದಿ ಎಲ್ಲಿ? ಯಂತ್ರವು ತಿರಸ್ಕರಿಸಿದ ಅರ್ಜಿಗಳಲ್ಲಿ ಕೆಲವನ್ನಾದರೂ ಪ್ರತಿ ವಾರ ನಿಮ್ಮ ಕಣ್ಣಿನಿಂದಲೇ ಓದಿ.

ಸಾಲ ಮಾಡಿ ಮಗನನ್ನು ಓದಿಸಿದ ತಂದೆಯೊಬ್ಬರು ನಾಳೆ ನಿಮ್ಮ ಬಾಗಿಲಿಗೆ ಬಂದು, "ನನ್ನ ಮಗನಲ್ಲಿ ಯಾವ ಕೊರತೆಯಿತ್ತು ಸ್ವಾಮೀ?" ಎಂದು ಕೇಳಬಹುದು. 'ಕಂಪ್ಯೂಟರ್ ಒಪ್ಪಲಿಲ್ಲ' ಎಂಬುದು ಅದಕ್ಕೆ ಉತ್ತರವಲ್ಲ. ಕೆಲಸವನ್ನು ಯಂತ್ರಕ್ಕೆ ವಹಿಸಬಹುದು, ಉತ್ತರದಾಯಿತ್ವವನ್ನು ವಹಿಸಲಾಗದು.