ನ್ಯಾಯಪೀಠದ ಒಳಬಾಗಿಲು, ಹೊರಬಾಗಿಲು
(ಪೀಣ್ಯದಲ್ಲಿ ಮಾಡಿದ ಭಾಷಣ)



ಇಂದು ಯಂತ್ರಾಲಯಗಳಿಂದ ತುಂಬಿರುವ ಪೀಣ್ಯ, ವೈಟ್‌ಫೀಲ್ಡುಗಳ ಸುತ್ತಣ ನೆಲವು ಹಿಂದೆ ರಾಗಿಯ ಹೊಲವಾಗಿದ್ದಿತು. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ ಮೇರೆಗೆ ಸರಕಾರವು ಕೈಗಾರಿಕೆಗಾಗಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವುದುಂಟು. ಕೊಟ್ಟ ಪರಿಹಾರವು ಸಾಲದೆಂದು ರೈತನು ನ್ಯಾಯಾಲಯದ ಮೆಟ್ಟಲೇರಿದರೆ ಅವನ ಎದುರಾಳಿ ಯಾರು? ಸರಕಾರವೇ! ನ್ಯಾಯಾಧೀಶನ ಪದವಿಯೂ ಅದೇ ಸರಕಾರದ ಮುಷ್ಟಿಯಲ್ಲಿದ್ದರೆ ರೈತನ ಗತಿಯೇನು? ಆದುದರಿಂದ ನ್ಯಾಯಾಧೀಶರನ್ನು ನೇಮಿಸುವವರಾರು, ತಿದ್ದುವವರಾರು, ತೆಗೆಯುವವರಾರು ಎಂಬುದು ಬರಿಯ ವಕೀಲರ ವಿಚಾರವಲ್ಲ, ನಮ್ಮೆಲ್ಲರ ವಿಚಾರವು.

ಇಂಗ್ಲೆಂಡಿನ ಇತಿಹಾಸವು ಇಲ್ಲಿ ನಮಗೆ ಪಾಠವಾಗಿದೆ. ಮುಖ್ಯ ನ್ಯಾಯಾಧೀಶ ಎಡ್ವರ್ಡ್ ಕೋಕನು ಅರಸನಾದ ಒಂದನೆಯ ಜೇಮ್ಸನಿಗೆ ಮಣಿಯದೆ 1616ರಲ್ಲಿ ಪದವಿಯನ್ನು ಕಳೆದುಕೊಂಡನು. 1701ರ ಕಾಯಿದೆಯು ಅರಸನ ಮರ್ಜಿಗೆ ತಡೆಹಾಕಿತು: ಸನ್ನಡತೆಯಿರುವ ತನಕ ನ್ಯಾಯಾಧೀಶನಿಗೆ ಪೀಠ, ಅವನನ್ನು ಇಳಿಸಬೇಕಾದರೆ ಪಾರ್ಲಿಮೆಂಟಿನ ಎರಡೂ ಸಭೆಗಳು ಬೇಡಬೇಕು. ಹಾಗೆ ಇಳಿಸಲ್ಪಟ್ಟವನು 1830ರಲ್ಲಿ, ಐರ್ಲೆಂಡಿನ ಜೋನಾ ಬ್ಯಾರಿಂಗ್ಟನ್ ಒಬ್ಬನೇ. 2006ರಿಂದ ಅಲ್ಲಿ ಆಯ್ಕೆಯನ್ನು ಸ್ವತಂತ್ರ ಆಯೋಗವೊಂದು ನಡೆಸುತ್ತಲಿದೆ.

ನಮ್ಮಲ್ಲಿ ಸಿವಿಲ್ ನ್ಯಾಯಾಧೀಶರನ್ನು ಹೈಕೋರ್ಟು ಪರೀಕ್ಷೆಯಿಂದ ಆರಿಸುತ್ತದೆ. ಕನ್ನಡ–ಇಂಗ್ಲಿಷ್ ಭಾಷಾಂತರವೂ ಅದರಲ್ಲೊಂದು ವಿಷಯವು. ಸಾಕ್ಷಿಯ ಮಾತಿನ ಮರ್ಮವನ್ನರಿಯದವನು ತೀರ್ಪನ್ನು ಹೇಗೆ ಕೊಟ್ಟಾನು? ಅಭ್ಯರ್ಥಿಯು ಮೂರು ವರ್ಷ ವಕೀಲಿ ಮಾಡಿರಬೇಕೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ವಿಧಿಸಿತು. ಆಯ್ಕೆಯಾದವರಿಗೆ ಬೆಂಗಳೂರಿನ ಕರ್ನಾಟಕ ನ್ಯಾಯಾಂಗ ಅಕಾಡೆಮಿಯಲ್ಲಿ ತರಬೇತು ದೊರೆಯುತ್ತದೆ. ನೇಮಕದ ಆಜ್ಞೆಯು ರಾಜ್ಯಪಾಲರ ಹೆಸರಿನದಾದರೂ, ಸಂವಿಧಾನದ 235ನೆಯ ವಿಧಿಯಂತೆ ಕೆಳಗಿನ ನ್ಯಾಯಾಲಯಗಳ ಮೇಲಣ ಹತೋಟಿಯು ಹೈಕೋರ್ಟಿನದು.

ಹೈಕೋರ್ಟಿನ ನ್ಯಾಯಮೂರ್ತಿಗಳ ಮಾತು ಬೇರೆ. ಅವರನ್ನು ನೇಮಿಸುವವರು ರಾಷ್ಟ್ರಪತಿಗಳು. ಆದರೆ 1993ರ ತೀರ್ಪಿನಿಂದೀಚೆಗೆ ಹಿರಿಯ ನ್ಯಾಯಮೂರ್ತಿಗಳ ಮಂಡಲದ ಮಾತೇ ಮೇಲು. ಇದನ್ನು ಬದಲಿಸಲೆಂದು ಪಾರ್ಲಿಮೆಂಟು 2014ರಲ್ಲಿ ಒಪ್ಪಿದ ನೇಮಕಾತಿ ಆಯೋಗವನ್ನು ಸುಪ್ರೀಂ ಕೋರ್ಟು 2015ರಲ್ಲಿ ರದ್ದುಗೊಳಿಸಿತು. ಇವರನ್ನು ತೆಗೆಯಬೇಕಾದರೆ ದುರ್ನಡತೆಯಾಗಲಿ ಅಸಾಮರ್ಥ್ಯವಾಗಲಿ ಸಿದ್ಧವಾಗಬೇಕು; ಬಳಿಕ ಎರಡೂ ಸಭೆಗಳಲ್ಲಿ ಒಟ್ಟು ಸದಸ್ಯರ ಬಹುಮತವೂ, ಹಾಜರಿದ್ದು ಮತವಿತ್ತವರ ಮೂರರಲ್ಲಿ ಎರಡು ಪಾಲೂ ಕೂಡಿಬರಬೇಕು. 2009ರಲ್ಲಿ ಕರ್ನಾಟಕದ ಅಂದಿನ ಮುಖ್ಯ ನ್ಯಾಯಮೂರ್ತಿ ಪಿ. ಡಿ. ದಿನಕರನ್ ಅವರ ವಿರುದ್ಧ ರಾಜ್ಯಸಭೆಯ ಸದಸ್ಯರು ಸೂಚನೆ ಕೊಟ್ಟರು; ವಿಚಾರಣಾ ಸಮಿತಿಯೂ ನೇಮಕವಾಯಿತು. 2011ರಲ್ಲಿ ಅವರು ರಾಜೀನಾಮೆಯಿತ್ತರು. ಆರೋಪವು ನಿಜವೆಂದಾಗಲಿ ಸುಳ್ಳೆಂದಾಗಲಿ ಸಭೆಯು ತೀರ್ಮಾನಿಸುವ ಪ್ರಸಂಗವೇ ಬರಲಿಲ್ಲ.

ಹೊರಬಾಗಿಲು ಇಷ್ಟು ಕಿರಿದಾಗಿರುವುದು ಸರಿಯೇ. ಅದು ಅಗಲವಾದರೆ ಮೊದಲು ಹೊರಬೀಳುವವನು ಸರಕಾರದೆದುರು ನಿರ್ಭಯವಾಗಿ ತೀರ್ಪು ಕೊಟ್ಟವನೇ. ಆದರೆ ಹೊರಬಾಗಿಲು ಕಿರಿದಾದಷ್ಟೂ ಒಳಬಾಗಿಲಲ್ಲಿ ಎಚ್ಚರವು ಹೆಚ್ಚಬೇಕು. ಇಂಥವರನ್ನು ಏತಕ್ಕೆ ಆರಿಸಿದೆವು, ಇಂಥವರನ್ನು ಏತಕ್ಕೆ ಬಿಟ್ಟೆವು ಎಂಬ ಕಾರಣವು ಜನರಿಗೆ ತಿಳಿಯಬೇಕು. ಅದನ್ನು ಕೇಳುವ ಧೈರ್ಯವು ಓದು ಬಲ್ಲ ನಮಗೇ ಇಲ್ಲದಿದ್ದರೆ ಓದು ಬರದ ರೈತನಿಗೆ ಎಲ್ಲಿಂದ ಬಂದೀತು? ಉಪಾಧ್ಯಾಯರೇ, ಈ ವಿಷಯವನ್ನು ತರಗತಿಯಲ್ಲಿ ತಿಳಿಯಹೇಳಿರಿ. ಜಾಣ ಮಕ್ಕಳನ್ನು ಕಾಯಿದೆಯ ವ್ಯಾಸಂಗಕ್ಕೆ ಕಳುಹಿಸಿರಿ. ನಾಳಿನ ನ್ಯಾಯಪೀಠವು ಇಂದಿನ ಶಾಲೆಯ ಬೆಂಚಿನ ಮೇಲೆಯೇ ಕುಳಿತಿದೆ.